ಬೀಡಿ ಬ್ರಾಂಚಿನ ಪುಸ್ತಕ ಇದ್ದವ್ರು, ಇಲ್ಲದವ್ರು: ಕಾನೂನಿಂದ ಕೆಲಸ ಹೋಯ್ತಾ, ಉಳೀತಾ?

ತಡ್ಪೆ_ಕತ್ತರಿ

ನಮ್ಮ ಕಡೆ ಬ್ರಾಂಚ್ ಅಂದ್ರೆ ಬ್ಯಾಂಕಿನ ಬ್ರಾಂಚ್ ಅಲ್ಲ, ಬೀಡಿ ಬ್ರಾಂಚ್, ಎಲೆ ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ವಾಪಸ್ ತಗೊಳ್ಳುವ ಜಾಗ. ಬಂಟ್ವಾಳ ಪುತ್ತೂರು ಬೆಳ್ತಂಗಡಿಯವ್ರಿಗೆ ಇದು ಹೇಳ್ಬೇಕಂತ ಇಲ್ಲ, ಉಳಿದವ್ರಿಗೆ ಹೇಳುದು.

ಮೊನ್ನೆ ಒಂದು ಮದುವೆ ಊಟಕ್ಕೆ ಕೂತಾಗ ಬೆಂಗಳೂರಿಂದ ಬಂದ ನನ್ನ ಮಾವನ ಮಗ ಶುರು ಮಾಡಿದ. ಪಿಎಫ್ ಬೇಕು ಬೋನಸ್ ಬೇಕು ಡಿಎ ಬೇಕು ಅಂತ ಕೇಳಿ ಕೇಳಿಯೇ ಬೀಡಿ ಕೆಲಸ ಹಾಳಾದದ್ದು, ಸರ್ಕಾರ ಕಾನೂನು ಗೀನೂನು ಅಂತ ತಲೆ ಹಾಕದೆ ಇದ್ದಿದ್ರೆ ಇವತ್ತಿಗೂ ಮನೆಮನೆಯಲ್ಲಿ ತಡ್ಪೆ (ಬೀಡಿ ಕಟ್ಟುವಾಗ ಮಡಿಲಲ್ಲಿ ಇಟ್ಕೊಳ್ಳುವ ಮೊರ) ಇರ್ತಿತ್ತು, ಅಂತ. ಎದುರು ಸಾಲಲ್ಲಿ ನನ್ನಮ್ಮ ಕೂತಿದ್ರು, ಮೂವತ್ತೈದು ವರ್ಷ ಬೀಡಿ ಕಟ್ಟಿದವ್ರು. ಎಂತ ಸಾ ಮಾತಾಡ್ಲಿಲ್ಲ. ಕೈ ತೊಳಿಲಿಕ್ಕೆ ಹೋಗುವಾಗ ನಂಗೆ ಮಾತ್ರ ಕೇಳುವ ಹಾಗೆ, "ಇವನ ಕಾಲೇಜು ಫೀಸು ಕಟ್ಟಿದ್ದು ಅತ್ತಿಗೆಯ ಪಿಎಫ್ ಲೋನಲ್ಲಿ, ಅದು ಮರ್ತು ಹೋಗಿದೆ ಅವನಿಗೆ" ಅಂದ್ರು.

ಆದ್ರೆ ನಂಗೆ ತಲೆಬಿಸಿ ಶುರುವಾದದ್ದು ಅದ್ರಿಂದ ಅಲ್ಲ. ಅಮ್ಮನ ಹೆಸ್ರಲ್ಲಿ ಬ್ರಾಂಚಿನ ಪುಸ್ತಕ ಉಂಟು. ಎಷ್ಟು ಎಲೆ ಕೊಟ್ರು, ಎಷ್ಟು ಹೊಗೆಸೊಪ್ಪು ಕೊಟ್ರು, ಎಷ್ಟು ಬೀಡಿ ವಾಪಸ್ ಬಂತು, ಎಷ್ಟು ಮಜೂರಿ, ಎಲ್ಲಾ ಅದ್ರಲ್ಲಿ ಬರೀತಾರೆ, ಪಿಎಫ್ ಕಟ್ ಆಗುದೂ ಆ ಲೆಕ್ಕದ ಮೇಲೆಯೇ. ಆದ್ರೆ ನಮ್ಮ ಪಕ್ಕದ ಮನೆಯ ಅಕ್ಕ ಅಮ್ಮನಷ್ಟೇ ವರ್ಷ ಕಟ್ಟಿದ್ದಾರೆ, ಅವ್ರ ಹೆಸ್ರಲ್ಲಿ ಪುಸ್ತಕ ಇಲ್ಲ. ಅವ್ರು ಕಟ್ಟಿದ್ದೆಲ್ಲ ಅವ್ರ ಅತ್ತೆಯ ಪುಸ್ತಕದಲ್ಲಿ ಹೋಯ್ತು. ಒಂದು ಪುಸ್ತಕ, ಅದ್ರ ಹಿಂದೆ ಅತ್ತೆ, ಸೊಸೆ, ಶಾಲೆ ಬಿಟ್ಟ ಮಗಳು, ಮೂರು ಜನ. ಅತ್ತೆ ತೀರಿಹೋದ್ರು, ಪುಸ್ತಕವೂ ಹೋಯ್ತು. ಈಗ ಅಮ್ಮನಿಗೆ ಪೆನ್ಶನ್ ಸಾವಿರ ಚಿಲ್ಲರೆ ಬರ್ತದೆ, ಆ ಅಕ್ಕನಿಗೆ ಬೆನ್ನುನೋವು ಮಾತ್ರ ಉಳಿದದ್ದು.

ಹಾಗಾದ್ರೆ ಕಾನೂನು ಇದ್ದದ್ದು ಒಳ್ಳೇದಾಯ್ತಾ ಕೆಟ್ಟದಾಯ್ತಾ, ಯಾರಿಗೆ ಆಯ್ತು? ಗೊತ್ತಿದ್ದವ್ರು ಹೇಳಿ ಮಾರಾಯ್ರೆ, ಸುಮ್ನೆ ಪಾರ್ಟಿ ಜಗಳ ಬೇಡ.

ಪೀಣ್ಯ_ಲೇತ್‌ಮಷಿನ್

ನಿಮ್ಮ ಮಾವನ ಮಗ ಪೂರ್ತಿ ತಪ್ಪು ಹೇಳ್ಲಿಲ್ಲ ಗುರು, ಬೈಬೇಡಿ. ನಾನು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸ್ತೀನಿ. ಹತ್ತು ಜನ ಆದ್ರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಇಪ್ಪತ್ತು ಜನ ಆದ್ರೆ ಪಿಎಫ್. ಈಗ ಹತ್ತೊಂಬತ್ತು ಹುಡುಗರು ಇದಾರೆ ಅನ್ಕೊಳ್ಳಿ, ಆರ್ಡರ್ ಜಾಸ್ತಿ ಬಂತು, ಇನ್ನೊಬ್ಬನ್ನ ತಗೋಬೇಕು, ಅವನೊಬ್ಬನ ಸಂಬಳ ಅಷ್ಟೇ ಅಲ್ಲ ಎಲ್ಲಾ ಇಪ್ಪತ್ತು ಜನದ್ದೂ ಲೆಕ್ಕ ಚೇಂಜ್ ಆಗತ್ತೆ, ಆಡಿಟರ್ ಫೀಸು, ರಿಜಿಸ್ಟರು, ಬಂದೋರಿಗೆ ಕಾಫಿ, ಕಾಫಿ ಜೊತೆ ಇನ್ನೇನೋ. ಅದಕ್ಕೆ ಏನ್ ಮಾಡ್ತಾರೆ ಗೊತ್ತಾ, ಪಕ್ಕದ ಶೆಡ್ಡನ್ನ ಹೆಂಡ್ತಿ ಹೆಸರಲ್ಲಿ ಇನ್ನೊಂದು ಕಂಪನಿ ಅಂತ ತೋರಿಸ್ತಾರೆ. ನಾನು ಮಾಡಿಲ್ಲ, ಆದ್ರೆ ಮಾಡೋರನ್ನ ಬೈಯಕ್ಕೂ ಹೋಗಲ್ಲ.

ದೊಡ್ಡ ಫ್ಯಾಕ್ಟರಿಗಳದ್ದೂ ಇದೇ ಕತೆ. ನೂರು ಜನ, ಅದಕ್ಕಿಂತ ಜಾಸ್ತಿ ಇದ್ರೆ ಕೆಲಸದಿಂದ ತೆಗಿಯಕ್ಕೆ ಸರ್ಕಾರದ ಪರ್ಮಿಶನ್ ಬೇಕಿತ್ತು, ಈಗ ಹೊಸ ಲೇಬರ್ ಕೋಡಲ್ಲಿ ಅದು 300 ಆಗಿದೆ. ಗೆರೆ ಎಲ್ಲಿ ಎಳೀತೀರೋ ಜನ ಅದರ ಕೆಳಗೆ ಬಗ್ಗಿ ನಿಂತ್ಕೋತಾರೆ. ಬಗ್ಗಿ ಬಗ್ಗಿ ನಮ್ ದೇಶದ ಕಂಪನಿಗಳೆಲ್ಲಾ ಕುಳ್ಳ ಆಗೋದ್ವು.

ಗಡಿನಾಡ_ಮಾಷ್ಟ್ರು

ಬೀಡಿಯ ವಿಷಯದಲ್ಲಿ ಆ ಗೆರೆಯ ಕತೆ ನಿಮ್ಮ ಪೀಣ್ಯಕ್ಕಿಂತ ಎಷ್ಟೋ ಹಳತು ಮಾರಾಯ್ರೆ. ನಾನು ಕಾಸರಗೋಡಿನವ, ರಿಟೈರ್ ಆದ ಮೇಷ್ಟ್ರು, ಉದ್ದ ಬರೀತೇನೆ, ಬೇಜಾರಾದ್ರೆ ಹಾರಿಸಿ ಓದಿ.

ಮೊದ್ಲು ಬೀಡಿ ಕಟ್ಟುದು ಅಂದ್ರೆ ಮನೆಯಲ್ಲಿ ಅಲ್ಲ, ಶೆಡ್ಡಲ್ಲಿ. ಕಣ್ಣೂರು ಕಡೆ ಅಂತೂ ದೊಡ್ಡ ದೊಡ್ಡ ಬೀಡಿ ಶೆಡ್ಡುಗಳು, ಗಂಡಸರು ಸಾಲಾಗಿ ಕೂತು ಕಟ್ಟುದು, ಕೈಗೆ ಕೆಲಸ ಉಂಟು ಕಿವಿ ಖಾಲಿ ಉಂಟು ಅಂತ ತಮ್ಮೊಳಗೇ ಒಬ್ಬನನ್ನು ಪೇಪರ್ ಓದ್ಲಿಕ್ಕೆ ಕೂರಿಸುದು, ಅವನ ಪಾಲಿನ ಬೀಡಿ ಉಳಿದವ್ರು ಕಟ್ಟಿ ಕೊಡುದು. ಯೂನಿಯನ್ ಹುಟ್ಟಿದ್ದೇ ಹಾಗೆ. ಫ್ಯಾಕ್ಟರಿ ಕಾಯ್ದೆ 1948ರದ್ದು, ಕರೆಂಟಿಲ್ಲದ ಕಡೆ ಇಪ್ಪತ್ತು ಜನ ಇದ್ರೆ ಮಾತ್ರ ಲಾಗೂ. ಅದನ್ನು ತಪ್ಪಿಸ್ಲಿಕ್ಕೆ ಧಣಿಗಳು ಕಂಟ್ರಾಕ್ಟರುಗಳನ್ನು ಮಧ್ಯೆ ತಂದು ಸಣ್ಣ ಸಣ್ಣ ಶೆಡ್ಡು ಮಾಡಿದ್ರು, ಆಮೇಲೆ ಮನೆಗೇ ಎಲೆ ಕಳಿಸ್ಲಿಕ್ಕೆ ಶುರು ಮಾಡಿದ್ರು. ಇದು ನಿಲ್ಬೇಕು ಅಂತಲೇ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು. ಅದ್ರಲ್ಲಿ ಮನೆಯಲ್ಲಿ ಕೂತು ಕಟ್ಟುವವ್ರೂ ಕಾರ್ಮಿಕರೇ ಅಂತ ಸ್ಪಷ್ಟ ಬರ್ದಿದ್ರು, ಕಂಟ್ರಾಕ್ಟರ್ ಮೂಲಕ ಎಲೆ ಕೊಟ್ರೂ ಜವಾಬ್ದಾರಿ ಧಣಿಯದ್ದೇ ಅಂತ.

ಆದ್ರೆ ಜಾರಿಯ ದಿನ ನಿರ್ಧಾರ ಮಾಡುದು ಆಯಾ ರಾಜ್ಯಕ್ಕೆ ಬಿಟ್ಟದ್ದು, ಎಡವಟ್ಟು ಅಲ್ಲಿ. ಕೇರಳದಲ್ಲಿ ಇಎಂಎಸ್ ನಂಬೂದಿರಿಪಾಡ್ ಸರ್ಕಾರ ಮೊದ್ಲು ಜಾರಿ ಮಾಡಿತು. 1968ರ ಅಕ್ಟೋಬರಿನಲ್ಲಿ ಮಂಗಳೂರಿನ ದೊಡ್ಡ ಬೀಡಿ ಧಣಿಗಳು ಕಣ್ಣೂರು ಕಡೆಯ ಶೆಡ್ಡುಗಳಿಗೆ ಬೀಗ ಹಾಕಿದ್ರು, ಸುಮಾರು 12,000 ಜನ ಬೀದಿಗೆ ಬಿದ್ರು. ಕೆಲಸ ಎಲ್ಲಿಗೆ ಹೋಯ್ತು? ಗಡಿ ದಾಟಿ ಈಚೆಗೆ, ಮನೆಗಳಿಗೆ.

ಉಪ್ಪಿನಕಾಯಿ_ಜಾಡಿ

ಅಂದ್ರೆ ಕೇರಳದವ್ರ ಕಾನೂನಿಂದ ನಮ್ ದಕ್ಷಿಣ ಕನ್ನಡದವ್ರಿಗೆ ಕೆಲಸ ಸಿಕ್ತು ಅನ್ನಿ 😄

ಗಡಿನಾಡ_ಮಾಷ್ಟ್ರು

ನಗ್ಬೇಡಿ, ಅರ್ಧ ಸತ್ಯವೇ ಅದು. ಅಲ್ಲಿ ಶೆಡ್ಡಲ್ಲಿ ಗಂಡಸರು ಮಾಡ್ತಿದ್ದದ್ದನ್ನು ಇಲ್ಲಿ ಜಗಲಿಯಲ್ಲಿ ಹೆಂಗಸರು ಮಾಡ್ಲಿಕ್ಕೆ ಶುರು ಮಾಡಿದ್ರು. ಹೆಂಗಸರ ಕೈಗೆ ನಾಲ್ಕು ಕಾಸು ಬಂತು ಅದು ನಿಜ, ಧಣಿಗೆ ಶೆಡ್ಡಿನ ಬಾಡಿಗೆ ಉಳೀತು, ನೀರು ಬೆಳಕಿನ ಖರ್ಚು ಉಳೀತು, ಯೂನಿಯನ್ ಕಾಟವೂ ತಪ್ಪಿತು ಅದೂ ನಿಜ. ಪೇಪರ್ ಓದುವವ ಇಲ್ಲ ಅಲ್ವಾ ಜಗಲಿಯಲ್ಲಿ.

ಕಣ್ಣೂರಿನವ್ರು ಎಂತ ಮಾಡಿದ್ರು ಅಂದ್ರೆ, 1969ರ ಫೆಬ್ರವರಿಯಲ್ಲಿ ಸರ್ಕಾರದ ಸಹಾಯ ತಗೊಂಡು ತಾವೇ ಸೊಸೈಟಿ ಕಟ್ಟಿದ್ರು, ಕೇರಳ ದಿನೇಶ್ ಬೀಡಿ. ಏರುಕಾಲದಲ್ಲಿ 42 ಸಾವಿರ ಜನ ಇದ್ರು ಅದ್ರಲ್ಲಿ, ಪಿಎಫ್ ಗ್ರಾಚ್ಯುಟಿ ರಜೆ ಎಲ್ಲಾ ಕೊಟ್ಟು. ಆಮೇಲೆ ಸೇದುವವ್ರು ಕಮ್ಮಿ ಆಗ್ತಾ ಬಂದಾಗ ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ, ಬಟ್ಟೆ, ಹೀಗೆ ಬೇರೆ ಕೆಲಸಕ್ಕೆ ಹೋದ್ರು. ಈಗ ಬೀಡಿ ಕಟ್ಟುವವ್ರು ಆಗಿನ ಲೆಕ್ಕದಲ್ಲಿ ನೋಡಿದ್ರೆ ಬೆರಳೆಣಿಕೆ. ಆದ್ರೆ ಬೀದಿಗೆ ಬಿದ್ದು ಕಮ್ಮಿ ಆದದ್ದಲ್ಲ, ರಿಟೈರ್ ಆಗಿ ಕಮ್ಮಿ ಆದದ್ದು. ಈ ವ್ಯತ್ಯಾಸ ಉಂಟಲ್ಲ, ಅದು ದೊಡ್ಡದು.

ಬೆಣ್ಣೆದೋಸೆ_ಎಕ್ಸ್‌ಟ್ರಾ

ಮಂಗ್ಳೂರು ಕಡೆಯೋರು ಪುಣ್ಯವಂತ್ರು ಕಣ್ರೀ, ಪುಸ್ತಕ ಐತೆ ಅಂತ ಹೇಳ್ಕೊಳ್ಳೋಕಾದ್ರೂ ಐತೆ. ನಾನು ದಾವಣಗೆರೆ. ನಮ್ಮ ಏರಿಯಾದಾಗೆ ಮನೆ ಮನೆಗೂ ಬೀಡಿ ಕಟ್ತಾರೆ, ನಮ್ಮ ಅಮ್ಮಿ, ಖಾಲಾ, ಇಬ್ರು ಅಕ್ಕಂದಿರು ಎಲ್ಲಾರೂ ಕಟ್ಟಿದೋರೇ. ಕಂಟ್ರಾಕ್ಟರ್ ಬರ್ತಾನೆ, ಎಲೆ ತೂಕ ಮಾಡಿ ಕೊಡ್ತಾನೆ, ಸಂಜೆ ಬಂದು ಬೀಡಿ ಎಣಿಸ್ಕೊಂಡು ಹೋಗ್ತಾನೆ, ಒಂದು ಹಿಡಿ ತಗೊಂಡು ಇದು ಸರಿ ಇಲ್ಲ ಅಂತ ಪಕ್ಕಕ್ಕೆ ಹಾಕ್ತಾನೆ. ಸರಿ ಇಲ್ಲ ಅಂದ್ಮೇಲೆ ಮುರಿದು ಬಿಸಾಕ್ಬೇಕಲ್ಲ, ಇಲ್ಲ, ಅದನ್ನೂ ಚೀಲಕ್ಕೆ ಹಾಕ್ಕೊಂಡೇ ಹೋಗ್ತಾನೆ! ಅದಕ್ಕೆ ದುಡ್ಡಿಲ್ಲ. ಎಲೆ ಕಮ್ಮಿ ಬಿತ್ತಾ, ನೀವೇ ಕೊಂಡ್ಕೊಂಡು ಭರ್ತಿ ಮಾಡ್ರಿ. ಅಮ್ಮಿ ಹೆಸರು ಯಾವ ಪುಸ್ತಕದಾಗೂ ಇಲ್ಲ, ಕೇಳಿದ್ರೆ ನಾಳೆಯಿಂದ ಎಲೆ ಇಲ್ಲ ಅಂತಾನೆ, ಮುಗೀತು.

ಕಾನೂನು 1966ದು ಅಂದ್ರಿ, ನನಗೆ ಇವತ್ತೇ ಗೊತ್ತಾಗಿದ್ದು ನೋಡ್ರಿ. ನಮ್ಮನೆ ಅಡ್ರೆಸ್ ಸಿಕ್ಕಿಲ್ಲ ಅನ್ಸುತ್ತೆ ಅದಕ್ಕೆ.

ತಡ್ಪೆ_ಕತ್ತರಿ

ಅಣ್ಣ, ಎಲೆ ಕಮ್ಮಿ ಕೊಡುದು ನಮ್ಮಲ್ಲೂ ಉಂಟು, ಸಾವಿರ ಬೀಡಿಗೆ ಅಂತ ಕೊಟ್ಟ ಎಲೆಯಲ್ಲಿ ತೂತು ಬಿದ್ದದ್ದು, ಹುಳ ತಿಂದದ್ದು ತೆಗೆದ್ರೆ ಸಾವಿರ ಬರುದೇ ಇಲ್ಲ. ಅಮ್ಮ ಕತ್ತರಿ ಓಡಿಸುವಾಗ ಒಂದೊಂದು ಎಲೆಯನ್ನೂ ದೀಪಕ್ಕೆ ಹಿಡಿದು ನೋಡ್ತಿದ್ರು, ಎಲ್ಲಿಂದ ಎರಡು ತುಂಡು ಸಿಗ್ತದೆ ಅಂತ. ಪುಸ್ತಕ ಇದ್ದವ್ರಿಗೇ ಹೀಗೆ ಅಂದ್ರೆ ಇಲ್ಲದವ್ರ ಗತಿ ಗೊತ್ತಾಯ್ತು.

ಕೋರ್ಟ್_ಕ್ಯಾಂಟೀನ್

ವಕೀಲಿ ಮಾಡ್ತೀನಿ, ಕೆಲವು ವಿಷಯ ಸ್ಪಷ್ಟ ಮಾಡ್ತೀನಿ.

ಬೀಡಿ ಧಣಿಗಳು ಈ ಕಾಯ್ದೆಯನ್ನ ಸುಪ್ರೀಂ ಕೋರ್ಟ್ ತನಕ ಎಳೆದ್ರು, ಮನೇಲಿ ಕೂತು ಕಟ್ಟೋಳು ನನ್ನ ಕೆಲಸದವಳು ಹೇಗಾಗ್ತಾಳೆ, ಅವಳು ಯಾವಾಗ ಕೂರ್ತಾಳೆ ಯಾವಾಗ ಏಳ್ತಾಳೆ ಅಂತ ನನಗೆ ಗೊತ್ತೇ ಇಲ್ವಲ್ಲ ಅನ್ನೋದು ಅವರ ವಾದ. 1974ರಲ್ಲಿ ಕೋರ್ಟು ಕಾಯ್ದೆಯನ್ನ ಎತ್ತಿಹಿಡೀತು. ಆಮೇಲೆ 1977ರಲ್ಲಿ ಪಿಎಫ್ ಬೀಡಿಗೂ ಬಂತು, ಮತ್ತೆ ಅದೇ ವಾದ, ಮತ್ತೆ ಕೋರ್ಟು. 1985ರ ತೀರ್ಪಲ್ಲಿ ಮನೇಲಿ ಕಟ್ಟೋರಿಗೂ ಪಿಎಫ್ ಕೊಡಲೇಬೇಕು ಅಂತ ಆಯ್ತು. ಕೋರ್ಟಿನ ತರ್ಕ ನನಗೆ ಬಹಳ ಇಷ್ಟ, ಸಂಜೆ ಬೀಡಿ ಎಣಿಸಿ ಇದು ಬೇಕು ಇದು ಬೇಡ ಅಂತ ತಿರಸ್ಕಾರ ಮಾಡೋ ಹಕ್ಕು ನಿನಗಿದೆ ಅಂದ್ರೆ ಅದೇ ನಿನ್ನ ಹಿಡಿತ, ಪಕ್ಕದಲ್ಲಿ ನಿಂತು ನೋಡ್ಬೇಕಿಲ್ಲ. ದಾವಣಗೆರೆಯವರು ಹೇಳಿದ್ರಲ್ಲ ಪಕ್ಕಕ್ಕೆ ಹಾಕ್ತಾನೆ ಅಂತ, ಆ ಪಕ್ಕಕ್ಕೆ ಹಾಕಿದ ಹಿಡಿ ಬೀಡಿಯೇ ನಿಮ್ಮ ಅಮ್ಮಿ ಕೆಲಸದವರು ಅನ್ನೋದಕ್ಕೆ ಸಾಕ್ಷಿ.

ಆದ್ರೆ ಕಾಯ್ದೇಲಿ ಒಂದು ಕಿಂಡಿ ಇತ್ತು. ತನ್ನ ಮನೇಲಿ ತನ್ನ ಮನೆಯವರ ಜೊತೆ ಸ್ವಂತಕ್ಕೆ ಬೀಡಿ ಮಾಡೋನಿಗೆ ಕಾಯ್ದೆ ಅನ್ವಯ ಆಗಲ್ಲ ಅಂತ, ಸರಿಯಾದ ವಿನಾಯಿತಿನೇ ಅದು. ಅದನ್ನ ಏನ್ ಮಾಡಿದ್ರು ಅಂದ್ರೆ, ಕಂಟ್ರಾಕ್ಟರು ಎಲೆಯನ್ನ ಕೊಡಲ್ಲ, "ಮಾರ್ತಾನೆ", ಸಂಜೆ ಬೀಡಿಯನ್ನ "ಕೊಂಡ್ಕೋತಾನೆ". ಕಾಗದದ ಮೇಲೆ ಇವಳು ಕಾರ್ಮಿಕಳಲ್ಲ, ವ್ಯಾಪಾರಿ! ಕಿವಿಯ ಓಲೆ ಅಡ ಇಟ್ಟಿರೋ ವ್ಯಾಪಾರಿ. 2025ರ ನವೆಂಬರ್ 21ಕ್ಕೆ ನಾಲ್ಕು ಲೇಬರ್ ಕೋಡ್‌ಗಳು ಜಾರಿಗೆ ಬಂದವಲ್ಲ, ಅದರಲ್ಲಿ ಈ 1966ರ ಕಾಯ್ದೆನೂ ಸೇರಿಹೋಗಿದೆ, ಆ ಕಿಂಡಿ ಮಾತ್ರ ಹೊಸ ಮನೇಲೂ ಹಾಗೇ ಇದೆ.

ಪೀಣ್ಯ_ಲೇತ್‌ಮಷಿನ್

ನೋಡಿ ನಾನು ಹೇಳಿದ್ದೂ ಅದೇ ತಾನೆ. ಕಾಯ್ದೆ ಬಂತು, ಶೆಡ್ ಮುಚ್ತು, ಮನೆಗೆ ಹೋಯ್ತು, ಮನೇಲಿ ಇರೋರೂ ಕಾರ್ಮಿಕರು ಅಂದ್ರಿ, ವ್ಯಾಪಾರಿ ಮಾಡಿದ್ರು. ಇನ್ನೊಂದು ಕಾಯ್ದೆ ತಂದ್ರೆ ಇನ್ನೊಂದು ವೇಷ. ತೆರಿಗೇಲೂ ಇದೇ ಆಟ ಇತ್ತು, ವರ್ಷಕ್ಕೆ 20 ಲಕ್ಷ ಬೀಡಿ ಒಳಗೆ ಇದ್ರೆ ಎಕ್ಸೈಸ್ ಇಲ್ಲ ಅಂತ, ಒಬ್ಬನೇ ಧಣಿ ಬಾಮೈದನ ಹೆಸರಲ್ಲಿ ಒಂದು ಅಳಿಯನ ಹೆಸರಲ್ಲಿ ಒಂದು. ರೂಲ್ಸ್ ಜಾಸ್ತಿ ಆದಷ್ಟೂ ಕೆಲಸ ಕತ್ತಲೆಗೆ ಹೋಗತ್ತೆ, ರೂಲ್ಸ್ ಸಿಂಪಲ್ ಇದ್ರೆ ಬೆಳಕಲ್ಲೇ ಇರತ್ತೆ. ಇದಕ್ಕೆ ಉತ್ತರ ಕೊಡಿ.

ತಡ್ಪೆ_ಕತ್ತರಿ

ಉತ್ತರ ನಂಗೆ ಪೂರ್ತಿ ಗೊತ್ತಿಲ್ಲ ಅಣ್ಣ, ಆದ್ರೆ ಒಂದು ಕೇಳ್ತೇನೆ. ಕಾನೂನು ಒಂದೇ, ಧಣಿಗಳೂ ಒಂದೇ ಜಾತಿಯವ್ರು (ಆ ಜಾತಿ ಅಲ್ಲ ಮಾರ್ರೆ). ಮತ್ತೆ ನಮ್ಮಲ್ಲಿ ಹೆಚ್ಚಿನವ್ರಿಗೆ ಪಿಎಫ್ ಬಂತು, ದಾವಣಗೆರೆ ಅಣ್ಣನ ಅಮ್ಮಿಗೆ ಬರ್ಲಿಲ್ಲ, ಯಾಕೆ? ರೂಲ್ಸ್ ಜಾಸ್ತಿ ಆದದ್ದರಿಂದ ಕತ್ತಲೆಗೆ ಹೋಗುದಾದ್ರೆ ಎರಡೂ ಕಡೆ ಹೋಗ್ಬೇಕಿತ್ತಲ್ಲ.

ಅಮ್ಮನ ಹತ್ರ ಕೇಳಿದೆ. ಅವ್ರು ಹೇಳಿದ್ದು, ನಮ್ಮಲ್ಲಿ ಬ್ರಾಂಡ್ ನೋಡಿ ಬೀಡಿ ತಗೊಳ್ಳುದು, ಲೇಬಲ್ ಹಾಕ್ಬೇಕಾದ್ರೆ ಕಂಪನಿ ಬೇಕು, ಕಂಪನಿಗೆ ಎಲ್ಲಾ ಬೀಡಿ ಒಂದೇ ಅಳತೆ ಬೇಕು, ಹಾಗಾಗಿ ಬ್ರಾಂಚಲ್ಲಿ ಲೆಕ್ಕ ಬೇಕು. ಮತ್ತೆ ಯೂನಿಯನಿನವ್ರು, ಸೆಖೆಯಲ್ಲಿ ಸಾ ಬಿಡದೆ ಡಿಸಿ ಆಫೀಸಿನ ಎದುರು ಕೂತವ್ರು. ಅಮ್ಮ ಹೋಗಿದ್ದಾರೆ ಎರಡು ಸಲ, ಒಂದು ಸಲ ಅಪ್ಪನಿಗೆ ಹೇಳದೆ.

ಅಂದ್ರೆ ನಂಗೆ ಕಂಡದ್ದು, ಕಾನೂನಿಂದ ಕೆಲಸ ಹೋಗ್ಲಿಲ್ಲ, ಕಾನೂನಿಗೆ ಕಾಣದ ಜಾಗಕ್ಕೆ ಹೋಗಿ ಕೂತ್ಕೊಂಡಿತು. ಅಲ್ಲಿಂದ ಅದನ್ನು ಹುಡುಕಿ ಪುಸ್ತಕಕ್ಕೆ ಹಾಕಿದ್ದು ಇನ್ಸ್‌ಪೆಕ್ಟರ್ ಅಲ್ಲ, ಈ ಹೆಂಗಸರೇ.

ಹೊಸೂರ್_ರೋಡ್_ಟೈಲರ್

ನಾನು ಗಾರ್ಮೆಂಟ್ಸಲ್ಲಿ ಹನ್ನೊಂದು ವರ್ಷ ಆಯ್ತು. ಬೀಡಿ ಗೊತ್ತಿಲ್ಲ ಪಿಎಫ್ ಗೊತ್ತು. 2016ರಲ್ಲಿ ನೆನಪಿದ್ಯಾ ಯಾರಿಗಾದ್ರೂ, ಏಪ್ರಿಲ್ 18, 19. ಮಾಲೀಕ್ರು ಕಟ್ಟೋ ಪಾಲನ್ನ 58 ವರ್ಷ ಆಗೋವರ್ಗೂ ತೆಗಿಯಂಗಿಲ್ಲ ಅಂತ ರೂಲ್ ಮಾಡಿದ್ರು, ನಿಮ್ ವಯಸ್ಸಾದ ಕಾಲಕ್ಕೇ ಒಳ್ಳೇದು ಅಂತ. ನಮ್ ಲೈನಲ್ಲಿ 58 ವರ್ಷದ ಹೆಂಗಸನ್ನ ಮಷಿನ್ ಮುಂದೆ ಕೂರಿಸ್ಕೋತಾರಾ? ನಲವತ್ತಕ್ಕೇ ಕಣ್ಣು ಹೋಯ್ತು ಅಂತ ಕಳಿಸ್ತಾರೆ. ಮಗಳ ಮದ್ವೆಗೋ ಬಾಡಿಗೆ ಅಡ್ವಾನ್ಸಿಗೋ ಅಂತ ಕೆಲ್ಸ ಬಿಟ್ಟಾದ್ರೂ ಪಿಎಫ್ ತೆಗ್ಯೋದೇ ನಮಗಿದ್ದ ದಾರಿ. ಯಾರೂ ಕರೀಲಿಲ್ಲ, ಯಾವ ಲೀಡ್ರೂ ಇರ್ಲಿಲ್ಲ, ಒಂದು ಫ್ಯಾಕ್ಟರಿಯಿಂದ ಎದ್ದೋರನ್ನ ನೋಡಿ ಇನ್ನೊಂದು ಫ್ಯಾಕ್ಟರಿ ಎದ್ದು ಬಂತು, ಹೊಸೂರು ರೋಡ್ ಪೂರ್ತಿ ಹೆಂಗಸ್ರು. ಬಸ್ಸಿಗೆ ಬೆಂಕಿ, ಲಾಠಿ, ಎಲ್ಲಾ ಆಯ್ತು. ಎರಡನೇ ದಿನ ಸಾಯಂಕಾಲ ರೂಲ್ ವಾಪಸ್.

ಅದಕ್ಕೆ ನಾನು ಹೇಳೋದು ಏನಂದ್ರೆ ರೂಲ್ ಬೇಕಾ ಬೇಡ್ವಾ ಅಂತ ಅಲ್ಲ, ರೂಲ್ ಬರೆಯೋನು ಒಂದು ದಿನನಾದ್ರೂ ನಮ್ ಲೈನಲ್ಲಿ ಕೂತಿದ್ದಿದ್ರೆ ಇಂಥದ್ದು ಬರೀತಿರ್ಲಿಲ್ಲ.

ಗಿರ್ಮಿಟ್_ಮಂದಿ

ನಡುವ ಬಾಯಿ ಹಾಕ್ತೇನ್ರಿ, ಹುಬ್ಬಳ್ಳಿ ಕಡಿಂದ. ನಮ್ಮ ಕಾಕಾ ಎಪಿಎಂಸಿಯೊಳಗ ಹಮಾಲಿ, ಲೈಸನ್ಸ್ ಇರೋ ಹಮಾಲಿ. 2020ರಾಗ ಕಾಯ್ದೆ ತಿದ್ದುಪಡಿ ಮಾಡಿ ಯಾರ್ಡ್ ಹೊರಗೂ ಖರೀದಿ ಮಾಡಬಹುದು ಅಂದ್ರು, ರೈತರಿಗೆ ಸ್ವಾತಂತ್ರ್ಯ ಅಂತ. ಇರಬಹುದ್ರಿ, ರೈತನ ಲೆಕ್ಕ ರೈತಗ ಗೊತ್ತು. ಆದ್ರ ಮಾಲು ಹೊರಗ ಇಳದ್ರ ಅಲ್ಲಿ ಚೀಲಾ ಹೊರಾಂವ ಯಾರ ಬೇಕಾದ್ರೂ ಆಗ್ತಾನ, ಲೈಸನ್ಸೂ ಬ್ಯಾಡ, ದರಾನೂ ಅವನ ಕೇಳಿದ್ದಲ್ಲ. ಪೀಣ್ಯದ ಅಣ್ಣಾರು ರೂಲ್ಸ್ ತಗದ್ರ ಬೆಳಕಿಗೆ ಬರ್ತದ ಅಂದ್ರಲ್ಲ, ನಮ್ಮ ಕಾಕಾನ ಕೆಲಸ ಬೆಳಕಿನಾಗ ಇದ್ದದ್ದು ರೂಲ್ಸ್ ಇದ್ದದ್ದಕ್ಕ, ತಗದಿಂದ ಕತ್ತಲಿಗೆ ಹೋತು. ಅಷ್ಟ ಹೇಳೂದಿತ್ತು, ಚಾ ಆರಾಕತ್ತೇತಿ.

ಕೆಮ್ಮು_ಕಷಾಯ

ಎಲ್ಲಾ ಸರಿ, ಆದ್ರೆ ಒಬ್ರಾದ್ರೂ ಬೀಡಿ ಅಂದ್ರೆ ಏನು ಅಂತ ಮಾತಾಡ್ತಾ ಇಲ್ವಲ್ಲ? ನಾನು ತಾಲೂಕಾಸ್ಪತ್ರೇಲಿ ನರ್ಸ್. ಸೇದೋರ ಎದೆ ನೋಡಿದೀನಿ. ಕಟ್ಟೋರದ್ದೂ ನೋಡಿದೀನಿ, ದಿನವಿಡೀ ಹೊಗೆಸೊಪ್ಪಿನ ಧೂಳು, ಬಗ್ಗಿದ ಕತ್ತು, ಮಗು ಪಕ್ಕದಲ್ಲೇ ಮಲಗಿರತ್ತೆ. ಸರ್ಕಾರ 2016ರ ಏಪ್ರಿಲಿಂದ ಕಟ್ಟಿನ ಮೇಲೆ 85% ಜಾಗದಲ್ಲಿ ಚಿತ್ರದ ಎಚ್ಚರಿಕೆ ಹಾಕ್ಬೇಕು ಅಂದಾಗ ಬೀಡಿ ಕಂಪನಿಗಳು ಕೆಲಸ ನಿಲ್ಲಿಸಿ ಈ ಹೆಂಗಸರನ್ನೇ ಮುಂದೆ ತಂದು ನಿಲ್ಲಿಸಿದ್ವು, ಅಯ್ಯೋ ಇವರ ಹೊಟ್ಟೆಪಾಡು ಅಂತ. ಪಿಎಫ್ ಕೇಳಿದಾಗ ಇವರು ಯಾರೋ ಗೊತ್ತೇ ಇಲ್ಲ ಅಂತ ಕೋರ್ಟಿಗೆ ಹೋದ ಉದ್ಯಮಕ್ಕೆ ಎಚ್ಚರಿಕೆ ಚಿತ್ರ ಬಂದಾಗ ಇವರೆಲ್ಲಾ ನಮ್ಮ ಮನೆ ಮಕ್ಕಳು! 2017ರಲ್ಲಿ ನಮ್ಮ ಹೈಕೋರ್ಟು ಆ 85% ನಿಯಮ ರದ್ದು ಮಾಡ್ತು, ಮುಂದಿನ ಜನವರೀಲೇ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಡ್ತು, ಅದು ಒಳ್ಳೇದೇ ಆಯ್ತು.

ಬೀಡಿ ಉಳೀಬೇಕಾ ಅಂತ ನಾನು ಕೇಳ್ತಿರೋದು. ಕಟ್ಟೋರು ಉಳೀಬೇಕು, ಅದು ಬೇರೆ.

ತಡ್ಪೆ_ಕತ್ತರಿ

ಸಿಸ್ಟರ್, ನಿಮ್ಮ ಮಾತಿಗೆ ನಮ್ಮ ಅಮ್ಮನೇ ಸಾಕ್ಷಿ. ಅಪ್ಪ ಸೇದ್ತಿದ್ರು, ಅಮ್ಮನೇ ಕಟ್ಟಿದ್ದು ಇರ್ಬಹುದು. ಅಪ್ಪ ಈಗ ಇಲ್ಲ.

ಬೀಡಿ ಉಳಿಲಿ ಅಂತ ನಾನು ಹೇಳುದಿಲ್ಲ. ನನ್ನ ಓರಗೆಯವ್ರು ಯಾರೂ ಕಟ್ಟುದಿಲ್ಲ, ನಮ್ಮ ಕೈಗೆ ಬರುದೂ ಇಲ್ಲ, ಅಂಗಡಿಗೋ ನರ್ಸಿಂಗಿಗೋ ಹೋದ್ರು. ಆದ್ರೆ ಅಮ್ಮನ ಓರಗೆಯವ್ರು ಎಲ್ಲಿಗೆ ಹೋಗುದು? ಈಗ ವಾರದಲ್ಲಿ ಮೂರ್ನಾಲ್ಕು ದಿವಸಕ್ಕೆ ಮಾತ್ರ ಎಲೆ ಕೊಡುದು. ಯಾರೂ ಅವ್ರನ್ನು ಕೆಲಸದಿಂದ ತೆಗಿಲಿಲ್ಲ, ತೆಗ್ದ್ರೆ ನೋಟೀಸ್ ಕೊಡ್ಬೇಕಲ್ಲ, ಎಲೆ ಕಮ್ಮಿ ಮಾಡುದು ಅಷ್ಟೇ. ನೋಟ್ ಬ್ಯಾನ್ ಆದಾಗಲೂ ಹಾಗೆಯೇ, ಮೂರು ವಾರ ಮಜೂರಿ ಇಲ್ಲ, ಬ್ಯಾಂಕ್ ಖಾತೆ ಮಾಡಿ ಅಂದ್ರು, ಮಾಡಿದ್ರು. ಆ ಖಾತೆ ಆದದ್ದು ಮಾತ್ರ ಒಳ್ಳೇದಾಯ್ತು, ಅಮ್ಮನ ದುಡ್ಡು ಅಮ್ಮನ ಹೆಸ್ರಿಗೇ ಬರ್ಲಿಕ್ಕೆ ಶುರುವಾಯ್ತು.

ಆಡಿಟ್_ಅವಲಕ್ಕಿ

ಟ್ಯಾಕ್ಸ್ ವಿಷಯ ಯಾರೂ ಹೇಳ್ಲಿಲ್ಲ, ನನ್ನ ಹೊಟ್ಟೆಪಾಡು ಅದೇ ಆದ್ರಿಂದ ಹೇಳಿ ಹೋಗ್ತೀನಿ. 2017ರ ಜುಲೈಲಿ ಜಿಎಸ್‌ಟಿ ಬಂದಾಗ ಬೀಡಿಗೆ 28%, ಎಲೆಗೆ 18%. 2025ರ ಸೆಪ್ಟೆಂಬರಿನ ಕೌನ್ಸಿಲ್ ಮೀಟಿಂಗಲ್ಲಿ ಬೀಡಿ 18% ಆಯ್ತು, ಎಲೆ 5% ಆಯ್ತು. ಸಿಗರೇಟು ಗುಟ್ಕಾ 40ರ ಪಟ್ಟಿಗೆ, ಬೀಡಿ ಮಾತ್ರ ಇಳೀತು. ಸಿಸ್ಟರಿಗೆ ಇದು ಇಷ್ಟ ಆಗಲ್ಲ ಅಂತ ಗೊತ್ತು.

ಆದ್ರೆ ಜನ ಗಮನಿಸದೆ ಇರೋದು ಇನ್ನೊಂದು. ಮೊದ್ಲು ಸಾವಿರ ಬೀಡಿಗೆ ಇಷ್ಟು ಅಂತ ಒಂದು ಸೆಸ್ ಇತ್ತು, ಕೊನೆಗೆ 5 ರೂಪಾಯಿ ಇತ್ತು. 1976ರ ಕಾಯ್ದೆ ಅದು, ಆ ದುಡ್ಡೆಲ್ಲಾ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೇ ಹೋಗ್ತಿತ್ತು, ಡಿಸ್ಪೆನ್ಸರಿ, ಮಕ್ಕಳ ಸ್ಕಾಲರ್‌ಶಿಪ್, ಮನೆ ಕಟ್ಟೋಕೆ ಸಹಾಯ. ಜಿಎಸ್‌ಟಿ ಬಂದಾಗ ಬೇರೆ ಸೆಸ್‌ಗಳ ಜೊತೆ ಇದೂ ಹೋಯ್ತು. ಈಗ ಬಜೆಟ್ಟಲ್ಲಿ ಎಷ್ಟು ಕೊಡ್ತಾರೋ ಅಷ್ಟು. ಮೊದ್ಲು ಅದು ಇವರ ಬೀಡಿ ಎಣಿಸಿ ಬಂದ ದುಡ್ಡು, ಇವರದ್ದೇ ಅಂತ ಕೇಳಬಹುದಿತ್ತು. ಟ್ಯಾಕ್ಸ್ ಸರಳ ಆಗ್ಲಿ ಅಂತ ನಾನೂ ಕಿರುಚಿದವನೇ, ಸರಳ ಮಾಡುವಾಗ ಏನೇನು ಕೈಬಿಟ್ಟು ಹೋಗತ್ತೆ ಅಂತ ಆಗ ಹೊಳೀಲಿಲ್ಲ.

ಬೆಣ್ಣೆದೋಸೆ_ಎಕ್ಸ್‌ಟ್ರಾ

ಸ್ಕಾಲರ್‌ಶಿಪ್ ಇತ್ತಾ? ಯಪ್ಪಾ. ನಮ್ಮಕ್ಕ ಪಿಯುಸಿ ಬಿಟ್ಟಿದ್ದು ಫೀಸಿಗೆ. ಅದಕ್ಕೂ ಅಮ್ಮಿ ಹೆಸರಾಗೆ ಬೀಡಿ ಕಾರ್ಮಿಕರ ಕಾರ್ಡ್ ಬೇಕಿತ್ತೇನೋ.

ಆಡಿಟ್_ಅವಲಕ್ಕಿ

ಹೌದು, ಗುರುತಿನ ಚೀಟಿ ಬೇಕು. ಸ್ಕಾಲರ್‌ಶಿಪ್ ಈಗಲೂ ಇದೆ, ಕ್ಲಾಸಿನ ಮೇಲೆ ವರ್ಷಕ್ಕೆ 1,000ದಿಂದ 25,000 ತನಕ. ಅಕ್ಕನ ಮಕ್ಕಳು ಓದ್ತಿದ್ರೆ, ಅಕ್ಕ ಇನ್ನೂ ಕಟ್ತಿದ್ರೆ, ಕಾರ್ಡಿಗೆ ಓಡಾಡಿ.

ಪೀಣ್ಯ_ಲೇತ್‌ಮಷಿನ್

ಸರಿ ಸರಿ, ಎಲ್ಲಾರೂ ಸೇರಿ ನನ್ನ ಮೇಲೆ ಬಿದ್ರಿ. ಹುಬ್ಬಳ್ಳಿ ಅಣ್ಣನ ಮಾತು ಒಪ್ತೀನಿ. ಆದ್ರೂ ನನ್ನ ಪಾಯಿಂಟ್ ಬಿಡಲ್ಲ. ಪಿಎಫ್ ಯಾಕೆ ಇಪ್ಪತ್ತನೇ ಹುಡುಗನಿಂದ ಶುರು ಆಗ್ಬೇಕು? ಮೊದಲನೇ ಹುಡುಗನಿಂದಲೇ ಶುರು ಮಾಡಿ, ಎಲ್ಲರಿಗೂ, ಸರ್ಕಾರನೂ ಸ್ವಲ್ಪ ಹಾಕ್ಲಿ, ಮೊಬೈಲಲ್ಲಿ ಕಟ್ಟೋ ತರ ಮಾಡ್ಲಿ. ಆಗ ಯಾವನೂ ಗೆರೆ ಕೆಳಗೆ ಬಗ್ಗಲ್ಲ, ಗೆರೆನೇ ಇಲ್ವಲ್ಲ. ಬೀಡಿ ಅಕ್ಕನ ಅತ್ತೆ ಪುಸ್ತಕದ ಕತೆನೂ ಬರಲ್ಲ.

ಕೋರ್ಟ್_ಕ್ಯಾಂಟೀನ್

ಎರಡು ದಿನದ ಹಿಂದೆ ಕಾನೂನೇ ಬೇಡ ಅಂತ ಬಂದೋರು ಈಗ ಮೊದಲನೇ ಹುಡುಗನಿಂದಲೇ ಕಾನೂನು ಬೇಕು ಅಂತಿದೀರಿ, ಸ್ಕ್ರೀನ್‌ಶಾಟ್ ತಗೊಂಡೆ 😄

ಪೀಣ್ಯ_ಲೇತ್‌ಮಷಿನ್

ತಗೊಳ್ಳಿ ತಗೊಳ್ಳಿ. ಆದ್ರೆ ಕಾಫಿ ಕುಡಿಯಕ್ಕೆ ಯಾರೂ ಬರಬಾರದು, ಅದೂ ಸೇರಿಸಿ ತಗೊಳ್ಳಿ.

ಗಡಿನಾಡ_ಮಾಷ್ಟ್ರು

ತೆಲಂಗಾಣದಲ್ಲಿ ಬೀಡಿ ಕಟ್ಟುವವ್ರಿಗೆ ರಾಜ್ಯ ಸರ್ಕಾರವೇ ತಿಂಗಳ ಪೆನ್ಶನ್ ಕೊಡ್ಲಿಕ್ಕೆ ಶುರು ಮಾಡಿದ್ದು ನೋಡಿ, ನಿಜಾಮಾಬಾದ್ ಕಡೆ ಬಹಳ ಜನ ಉಂಟಲ್ಲ ಬೀಡಿಯವ್ರು. ಇಡೀ ದೇಶದಲ್ಲಿ ಸರ್ಕಾರದ ಲೆಕ್ಕದಲ್ಲೇ ಸುಮಾರು 50 ಲಕ್ಷ ಬೀಡಿ ಕಾರ್ಮಿಕರು, ಲೆಕ್ಕಕ್ಕೆ ಸಿಗದವ್ರನ್ನು ಬಿಟ್ಟು. ತಡ್ಪೆಯವ್ರ ಪಕ್ಕದ ಮನೆಯ ಅಕ್ಕನಂಥವ್ರು ಆ ಲೆಕ್ಕದಲ್ಲಿ ಉಂಟಾ ಇಲ್ವಾ ಅಂತಲೇ ಪ್ರಶ್ನೆ.

ತಡ್ಪೆ_ಕತ್ತರಿ

ಮಾಷ್ಟ್ರೇ ಅದೇ ಅಕ್ಕನ ವಿಷಯ ಹೇಳ್ಲಿಕ್ಕೆ ಬಂದೆ. ನಿನ್ನೆ ರಾತ್ರಿ ಈ ಥ್ರೆಡ್ ಅಮ್ಮನಿಗೆ ಓದಿ ಹೇಳ್ತಾ ಇದ್ದೆ, ಅವ್ರು ತಡ್ಪೆ ಮಡಿಲಲ್ಲಿ ಇಟ್ಕೊಂಡು ಕಟ್ತಾ ಇದ್ರು, ಅಕ್ಕನೂ ಬಂದು ಕೂತ್ರು. ನಿಮ್ಮ ಕಣ್ಣೂರಿನ ಪೇಪರ್ ಓದುವವನ ಹಾಗೆ ಆಯ್ತು ನನ್ನ ಕತೆ. ಹೊಸೂರು ರೋಡಿನದ್ದು ಎರಡು ಸಲ ಓದಿಸಿದ್ರು.

ಆಗ ಅಕ್ಕ ಹೇಳಿದ್ದು, ಮದುವೆಗೆ ಮೊದ್ಲು ತಾಯಿಮನೆಯಲ್ಲಿ ಇರುವಾಗ ಅವ್ರ ಹೆಸ್ರಲ್ಲೇ ಒಂದು ಪುಸ್ತಕ ಇತ್ತಂತೆ, ಬೇರೆ ಬ್ರಾಂಚ್, ಹನ್ನೊಂದು ವರ್ಷ ಕಟ್ಟಿದ್ದಾರೆ. ಮದುವೆ ಆಗಿ ಬಂದ ಮೇಲೆ ಅದನ್ನು ಯಾರೂ ಕೇಳ್ಲಿಲ್ಲ, ಪಿಎಫ್ ಸಾ ತೆಗಿಲಿಲ್ಲ. ವಕೀಲ್ರೇ, ಹತ್ತು ವರ್ಷ ಆಗಿದ್ರೆ ಪೆನ್ಶನ್ ಉಂಟು ಅಂತ ಎಲ್ಲೋ ಕೇಳಿದ ನೆನಪು, ಹೌದಾ? ತೊಂದರೆ ಎಂತ ಅಂದ್ರೆ ಪುಸ್ತಕದಲ್ಲಿ ತಂದೆಯ ಹೆಸರು, ಆಧಾರಲ್ಲಿ ಗಂಡನ ಹೆಸರು, ಹುಟ್ಟಿದ ವರ್ಷ ಎರಡರಲ್ಲಿ ಎರಡು ತರ.

ಕೋರ್ಟ್_ಕ್ಯಾಂಟೀನ್

ಹತ್ತು ವರ್ಷದ ಸರ್ವಿಸ್ ಇದ್ದು ವಯಸ್ಸು 58 ಆಗಿದ್ರೆ ಪೆನ್ಶನ್‌ಗೆ ಅರ್ಹರು, ಕನಿಷ್ಠ ಅಂದ್ರೂ ತಿಂಗಳಿಗೆ 1,000, 2014ರ ಸೆಪ್ಟೆಂಬರಿಂದ ಅಷ್ಟೇ ಇದೆ, ಒಂದು ಪೈಸೆ ಏರಿಲ್ಲ. ಆದ್ರೆ ಪಿಎಫ್ ಕಟ್ ಆಗಿದ್ದ ವರ್ಷಗಳು ಮಾತ್ರ ಲೆಕ್ಕ, ಕಟ್ಟಿದ ವರ್ಷ ಎಲ್ಲಾ ಅಲ್ಲ, ಅದನ್ನ ಮೊದ್ಲು ನೋಡಿ. ಹೆಸರು, ಹುಟ್ಟಿದ ದಿನದ ತಿದ್ದುಪಡಿಗೆ ಜಾಯಿಂಟ್ ಡಿಕ್ಲರೇಶನ್ ಅಂತ ಫಾರ್ಮ್ ಇದೆ, ಅದಕ್ಕೆ ಕಂಪನಿಯವರ ಸಹಿ ಬೇಕು. ಆ ಪುಸ್ತಕ ಇದೆಯಾ ಅವರ ಹತ್ರ? ಪಿಎಫ್ ನಂಬರ್ ಸಿಕ್ಕಿದ್ರೆ ಅರ್ಧ ಕೆಲಸ ಆದ ಹಾಗೆ.

ತಡ್ಪೆ_ಕತ್ತರಿ

ತಾಯಿಮನೆ ಅಟ್ಟದಲ್ಲಿ ಒಂದು ಟ್ರಂಕ್ ಉಂಟಂತೆ, ಅಣ್ಣಂದಿರು ಮನೆ ರಿಪೇರಿ ಮಾಡುವಾಗ ಬಿಸಾಡದಿದ್ರೆ. ಭಾನುವಾರ ಅಕ್ಕನನ್ನು ಸ್ಕೂಟಿಯಲ್ಲಿ ಕೂರಿಸ್ಕೊಂಡು ಹೋಗ್ತೇನೆ. ಗೆದ್ದಲು ಹಿಡಿದಿದ್ರೂ ಫೋಟೋ ಹಾಕ್ತೇನೆ, ನಂಬರ್ ಮುಚ್ಚಿ.

ಬೆಣ್ಣೆದೋಸೆ_ಎಕ್ಸ್‌ಟ್ರಾ

ಹಾಕ್ರಿ ಮೇಡಂ. ಆ ಪುಸ್ತಕ ಹೆಂಗಿರುತ್ತೆ ಅಂತ ನಮ್ಮ ಅಮ್ಮಿಗೂ ತೋರಿಸ್ತೀನಿ.